ಬೂಟಿನ ಮೊಳೆ

ಬಿಳಿಯ ದೊರೆಗಳನ್ನು ಮಧುಗಿರಿ ಬೆಟ್ಟ ಹತ್ತಿಸಿ ಇಳಿಸುವುದು ನನ್ನ ಅಣ್ಣನ ಕಸುಬು. ಇಡೀ ಬೆಟ್ಟ ಒಂದೇ ಬಂಡೆ. ಮೇಲೆ ಹೋದಂತೆ ಅದು ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಕಾಲಿಡಲು ಕಡಿದ ಗುಳಿಗಳನ್ನು ಬಿಟ್ಟರೆ ಹಿಡಿಯಲು ಏನೂ ಇಲ್ಲ. ಅಲ್ಲಿ ಯಾರೇ ಆಗಲಿ ಬರಿಗಾಲಲ್ಲೇ ನಡೆಯಬೇಕು. ಇಳಿಯುವಾಗ ದಾರಿ ತೋರಿಸುವವನು ಕೆಳಗಿದ್ದು, ಮೇಲಿನವನು ಜಾರಿದರೆ ಭುಜ ಕೊಡಬೇಕು.

ಆ ದಿನ ಬೆಂಗಳೂರಿನ ದಂಡಿನಿಂದ ಬಂದಿದ್ದ ದೊರೆ ಒಬ್ಬನೇ ಇಳಿದು ಬಂದ. ಮುಂದೆ ಇಳಿಯುತ್ತಿದ್ದ ಅಣ್ಣ ತಾನಾಗಿಯೇ ಕಾಲು ಜಾರಿ ಬಿದ್ದನೆಂದು ತನ್ನ ಬಟ್ಲರನ ಬಾಯಲ್ಲಿ ಅಮಲ್ದಾರರಿಗೆ ಹೇಳಿಸಿದ. ಅವರು ತಲೆಯಾಡಿಸಿ ಅವನಿಗೆ ಕಾಫಿ ತರಿಸಿದರು. ಊರೂ ನಂಬಿತು. ಅಣ್ಣ ಕುಡಿದಿದ್ದನೇನೋ ಎಂದವರೂ ಇದ್ದರು. ಅವರ ಬಾಯಿಗೆ ಮಣ್ಣು ಹಾಕ!

ಹೆಣಕ್ಕೆ ನೀರು ಹೊಯ್ಯುವಾಗ ನಾನೂ ಅತ್ತಿಗೆಯೂ ನೋಡಿದೆವು. ಅಣ್ಣನ ಬಲಭುಜದಲ್ಲಿ ಬೂಟಿನಡಿಯ ಮೊಳೆಗಳು ಸಾಲಾಗಿ ಚುಚ್ಚಿದ ಗುರುತಿತ್ತು. ದೊರೆ ಬೂಟು ಬಿಚ್ಚಿರಲೇ ಇಲ್ಲ.

ನಾನು ಎದ್ದು ಬಾಗಿಲ ಕಡೆ ಹೊರಟೆ. ಅತ್ತಿಗೆ ಆ ಭುಜದ ಮೇಲೆ ಬಟ್ಟೆ ಎಳೆದಳು.

"ಎಲ್ಲಿಗ್ಲಾ ಹೊಂಟೆ? ಬಾಯ್ ಮುಚ್ಕೊಂಡು ಕೂತ್ಕೊ. ದೊರೆ ಮ್ಯಾಲೆ ಮಾತಾಡ್ಬುಟ್ರೆ ನಾಳೆ ನಿನ್ನ ಬೆಟ್ಟಕ್ಕೆ ಯಾರು ಕರೀತಾರೆ? ಈ ಮಕ್ಳಿಗೆ ಏನಿಕ್ಲಿ?"

ಕೂತೆ.

ತಿಥಿ ಕಳೆದ ಮೇಲೆ ಇನ್ನೊಬ್ಬ ದೊರೆ ಬಂದ. ಇಳಿಯುವಾಗ ಅಣ್ಣ ಬಿದ್ದ ಜಾಗದಲ್ಲೇ, "ಬೂಟು ಬಿಚ್ಬೇಕು ಬುದ್ಧೀ" ಎಂದು ಕೈಮುಗಿದೆ. ಅವನು ನಕ್ಕ.

ನಾನು ಕೆಳಗಿಳಿದು, ಅವನ ಬೂಟಿನಡಿ ಭುಜವೊಡ್ಡಿ ನಿಂತೆ.