ಏಣಿ ಬಿಟ್ಟ ಪೇಂಟರ್

ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್‌ನ ಹೃದಯದ ಕವಾಟ ಕಿರಿದಾಗಿತ್ತು. ಪ್ರತಿ ತಪಾಸಣೆಯಲ್ಲೂ ಡಾಕ್ಟರು, "ಸುಸ್ತು, ಏದುಸಿರು ಇದೆಯಾ?" ಎಂದು ಕೇಳುತ್ತಿದ್ದರು. "ಗುಂಡುಕಲ್ಲಿನ ಹಾಗಿದ್ದೀನಿ ಸಾರ್" ಎಂದು ಅವನು ನಗುತ್ತಿದ್ದ. ತೊಂದರೆ ಕಾಣದ್ದರಿಂದ ಆಪರೇಷನ್ ಮುಂದಕ್ಕೆ ಹೋಗುತ್ತಿತ್ತು.

ಈ ಸಲ ಜೊತೆಗೆ ಬಂದಿದ್ದ ಹೆಂಡತಿ ತಡೆಯಲಾರದೆ, "ನೀವು ಏಣಿ ಹತ್ತೋದು ಬಿಟ್ಟು ವರ್ಷ ಆಯ್ತಲ್ರೀ! ಮೇಲಿನ ಕೆಲಸ ಎಲ್ಲಾ ತಮ್ಮನ ಕೈಲೇ ಮಾಡಿಸ್ತೀರಿ" ಎಂದಳು.

"ಹತ್ತಿದ್ರೆ ಸುಸ್ತಾಗ್ತಿತ್ತು, ವಯಸ್ಸಾಯ್ತು ಅಂದ್ಕೊಂಡೆ ಕಣೇ."

ಡಾಕ್ಟರು ಕೂಡಲೇ ಸ್ಕ್ಯಾನ್ ಮಾಡಿಸಿದರು. ಕಿರಿದಾದ ಕವಾಟದಿಂದ ರಕ್ತ ತಳ್ಳಿ ತಳ್ಳಿ ಹೃದಯದ ಸ್ನಾಯು ಸೋತುಹೋಗಿತ್ತು. "ಕವಾಟ ಬದಲಾಯಿಸ್ತೀವಿ. ಆದ್ರೆ ಹೃದಯ ಮೊದಲಿನ ಹಾಗಾಗುತ್ತೆ ಅಂತ ಹೇಳೋಕಾಗಲ್ಲ" ಎಂದರು.

ಹೊರಗಿನ ಬೆಂಚಿನ ಮೇಲೆ ಹೆಂಡತಿ ಕೂತಳು. "ನೋವೇ ಇರಲಿಲ್ಲ ಕಣೇ" ಎಂದು ಅವನು ಹೇಳುತ್ತಲೇ ಇದ್ದ.

ಆಪರೇಷನ್ ಆಗಿ ಜೀವವೇನೋ ಉಳಿಯಿತು. ಆದರೆ ಈಗ ನಾಲ್ಕು ಹೆಜ್ಜೆ ನಡೆದರೂ ಉಸಿರಿಗಾಗಿ ನಿಲ್ಲುತ್ತಾನೆ.