ಜನವರಿಯಲ್ಲಿ ಇಪ್ಪತ್ತೆಂಟು ಡಿಗ್ರಿ

ಪತ್ರಿಕೆಗೆ ಸೇರುವ ಮುಂಚೆ, ಅರವತ್ತರ ದಶಕದ ಆರಂಭದಲ್ಲಿ, ಯಲಹಂಕದ ಒಂದು ಪ್ರೌಢಶಾಲೆಯಲ್ಲಿ ಎರಡು ವರ್ಷ ವಿಜ್ಞಾನ ಕಲಿಸಿದೆ. ಅಲ್ಲಿ ಕಂಡ ಒಂದು ವಾಡಿಕೆ ಈಗಲೂ ನನಗೆ ಹೇಸಿಗೆ ಹುಟ್ಟಿಸುತ್ತದೆ.

ಬಿಸಿಯಾದರೆ ಗಾಳಿ ಹಿಗ್ಗುತ್ತದೆ ಎಂದು ತೋರಿಸಲು ಶಾಲೆಯಲ್ಲಿ ಒಂದು ಸಣ್ಣ ಗಾಜಿನ ಕೊಳವೆ ಇತ್ತು. ಕೆಳತುದಿ ಮುಚ್ಚಿದ್ದು, ಒಳಗೆ ಪಾದರಸದ ಒಂದು ತೊಟ್ಟು, ಅದರಡಿ ಸಿಕ್ಕಿಬಿದ್ದ ಗಾಳಿ. ಒಡೆದೀತೆಂದು ಹಿರಿಯ ಮೇಷ್ಟರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಕ್ಕಳು ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನೋಡಿ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದರು. ಆ ಹಿಂದಿನವರೂ ಹಾಗೇ ಇಳಿಸಿದ್ದು. ಕೋಣೆಯ ಉಷ್ಣತೆ ಎಲ್ಲರದರಲ್ಲೂ ಇಪ್ಪತ್ತೆಂಟು ಡಿಗ್ರಿ.

ನಾನು ಬೀಗದ ಕೈ ಇಸಿದುಕೊಂಡು ಕೊಳವೆ ಹೊರತೆಗೆದೆ. ಜನವರಿಯ ಬೆಳಿಗ್ಗೆ, ಕೆರೆ ಕಡೆಯ ಮಂಜು ಕಿಟಕಿಯವರೆಗೆ ಬಂದಿತ್ತು. ಕೊಳವೆಯನ್ನು ನೀರಿನಲ್ಲಿಟ್ಟು ಸ್ಟವ್ ಹಚ್ಚಿದೆ. ಪಾದರಸ ನಿಧಾನವಾಗಿ ಮೇಲೇರಿದ್ದನ್ನು ಇಡೀ ತರಗತಿ ಉಸಿರು ಬಿಗಿಹಿಡಿದು ನೋಡಿತು. ಆಮೇಲೆ ಹಳೆಯ ಪುಸ್ತಕ ತೆರೆದು ಇಪ್ಪತ್ತೆಂಟು ಎಂದೇ ಬರೆಯಿತು.

ಪುಟ್ಟೇನಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಥರ್ಮಾಮೀಟರಿನಲ್ಲಿ ಕಂಡ ಹದಿನಾರನ್ನು ಬರೆದಿದ್ದಳು. ಹಿರಿಯ ಮೇಷ್ಟರು ನಶ್ಯದ ಬೆರಳಿನಿಂದಲೇ ಆ ಹಾಳೆ ತಿರುವಿದರು. ಕಂದು ಕಲೆ ಅಂಕಿಗಳ ಮೇಲೆ ಕೂತಿತು.

"ನೀನೇನಮ್ಮ, ಹವಾಮಾನ ಇಲಾಖೆಯೋಳಾ?"

"ಇದ್ದಿದ್ದೇ ಬರ್ದಿವ್ನಿ ಸಾ. ಚಳೀಗೆ ಕೈ ಮರಗಟ್ಟೋಗಿತ್ತು, ಇಪ್ಪತ್ತೆಂಟು ಎಂಗ್ ಬರೀಲಿ?"

ಅವರು ಪುಟಕ್ಕೆ ಅಡ್ಡಗೀರು ಎಳೆದು ನನ್ನ ಕಡೆ ತಿರುಗಿದರು. "ಎಲ್ಲರದೂ ಒಂದೇ ಥರ ಇದ್ರೆ ಪರೀಕ್ಷಕರು ತಕರಾರು ತೆಗೆಯಲ್ಲ ಕಣ್ರೀ. ತಿದ್ದಿಸಿ. ಇಲ್ಲಾಂದ್ರೆ ಈ ರೆಕಾರ್ಡ್‌ಗೆ ಮೊಹರಿಲ್ಲ."

ಮೊಹರಿಲ್ಲದಿದ್ದರೆ ಎಸ್ಸೆಸ್ಸೆಲ್ಸಿಗೆ ಕೂರಿಸುತ್ತಿರಲಿಲ್ಲ. ಈ ವರ್ಷ ಪಾಸಾಗದಿದ್ದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಅವಳ ಅಪ್ಪ ನನ್ನೆದುರಿಗೇ ಹೇಳಿದ್ದರು. ನಾನು ವಾದಿಸಿದೆ, ಮುಖ್ಯೋಪಾಧ್ಯಾಯರ ಬಳಿಗೂ ಹೋದೆ. ಅವರು ಎಲ್ಲ ಕೇಳಿಸಿಕೊಂಡು, ಹೊಸಬರು ಮೊದಮೊದಲು ಹೀಗೇ ಎಂದು ನಕ್ಕು, ಕಾಫಿ ತರಿಸಿದರು. ಕುಡಿದೆ.

ಮರುದಿನ ಹುಡುಗಿಗೆ ಹೊಸ ಹಾಳೆ ಕೊಟ್ಟು ಇಪ್ಪತ್ತೆಂಟು ಬರೆಯಲು ಹೇಳಿದೆ. ಅವಳು ಪೆನ್ನು ಹಿಡಿದುಕೊಂಡೇ ಕೇಳಿದಳು: "ಅಂಗಾರೆ ಅವತ್ತು ನಾವು ನೋಡಿದ್ದು ಸುಳ್ಳಾ ಸಾ?"

ಸುಳ್ಳಲ್ಲ, ಆದರೂ ಬರಿ ಎಂದೆ. ಬರೆದಳು. ಕೆಳಗೆ ನಾನು ಸಹಿ ಹಾಕಿದೆ. ಅವಳು ಪರೀಕ್ಷೆಗೆ ಕೂತಳು, ಪಾಸಾದಳು. ಮುಂದಿನ ವರ್ಷದವರು ಅವಳ ರೆಕಾರ್ಡನ್ನೇ ಕೇಳಿ ತಂದು ನೋಡಿ ಬರೆದರು. ಅವಳ ಅಕ್ಷರ ದುಂಡಗಿತ್ತು.