ಕೊಂಡಿಯ ಮಜೂರಿ

ಕೊಂಡಿ ಹಾಕಲು ಕೂತಾಗ ಶಿವಗಂಗಾ ಮಾತಾಡುವುದಿಲ್ಲ. ಯಾರಾದರೂ ಮಾತಾಡಿಸಿದರೆ ಹೂಂಗುಟ್ಟುತ್ತಾಳೆ. ಕೈ ಬಿಡುವಾದ ಮೇಲೆ, ಆಗ ಏನು ಕೇಳಿದಿರೆಂದು ತಾನೇ ಕೇಳುತ್ತಾಳೆ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಹತ್ತಿಯದಾದರೆ ಸೆರಗಿನದು ರೇಷ್ಮೆ. ಎರಡೂ ಕೂಡುವಲ್ಲಿ ಒಂದರ ಎಳೆಯನ್ನು ಇನ್ನೊಂದರ ಕುಣಿಕೆಯೊಳಗೆ ಸೇರಿಸುತ್ತ ಸಾವಿರಾರು ಸಲ ಬೆರಳಾಡಿಸಬೇಕು. ಅದೇ ಕೊಂಡಿ. ಮದುವೆಯಾಗಿ ಬಂದ ವರ್ಷ, ಅತ್ತೆ ಸೊಸೆಯ ಬೆರಳ ತುದಿಗೆ ಬೂದಿ ಸವರಿ, ರೇಷ್ಮೆ ಜಾರದಂತೆ ಹಿಡಿಯುವುದನ್ನು ಕಲಿಸಿದ್ದಳು. ಈಗ ಶಿವಗಂಗಾ ಹಾಕಿದ ಕೊಂಡಿಯ ಮೇಲೆ ಅಂಗೈ ಆಡಿಸಿದರೆ ಒಂದು ಉಬ್ಬೂ ಸಿಗದು.

ಸೀರೆ ಮುಗಿದ ಮೇಲೆ ಗಂಡ ನಾಗಲಿಂಗ ಅದನ್ನು ಸಾವುಕಾರ ಬಸಯ್ಯನ ಅಂಗಡಿಗೆ ಒಯ್ದು ಮಜೂರಿ ತರುತ್ತಾನೆ. ನೂಲು ಸಾವುಕಾರನದು, ಮಗ್ಗ ಇವರದು, ಸೀರೆಗೆ ಇಷ್ಟೆಂದು ಮೊದಲೇ ಗೊತ್ತಾದ ದರ. ಕೊಂಡಿ ಅದರೊಳಗೇ ಬಂತು. ಅದನ್ನು ಬೇರೆಯಾಗಿ ನೋಡಬಹುದೆಂಬ ಯೋಚನೆ ಆ ಓಣಿಯ ಯಾವ ಮನೆಯಲ್ಲೂ ಹುಟ್ಟಿರಲಿಲ್ಲ.

ಎದುರು ಮನೆಯ ನೇಕಾರ ಮುರ್ತುಜಸಾಬನ ಹೆಂಡತಿ ದಸ್ತಗೀರಬಿಗೆ ಕಣ್ಣಿನ ಪೊರೆ ತೆಗೆಸಿದಾಗ ಸಂಗತಿ ಶುರುವಾಯಿತು. ಬಾಗಲಕೋಟೆಯ ದವಾಖಾನೆಯವರು ಕಣ್ಣಿಗೆ ದಣಿವು ಕೊಡಕೂಡದೆಂದು ಹೇಳಿ ಕಳಿಸಿದ್ದರು. ಮಗ್ಗದ ಮೇಲಿನ ಹಾಸು ಕೊಂಡಿಗಾಗಿ ಕಾದಿತ್ತು. ಮುರ್ತುಜಸಾಬ ಬಂದು, ಒಂದು ಸೀರೆಗೆ ಕೊಂಡಿ ಹಾಕಿಕೊಡಬೇಕೆಂದು ಸಂಕೋಚದಿಂದಲೇ ಕೇಳಿದ. ಶಿವಗಂಗಾ ಬೂದಿಯ ಚಿಪ್ಪು ಹಿಡಿದು ಹೋದಳು. ಇಡೀ ದಿನ ಕೂತಳು. ಕಣ್ಣಿಗೆ ಕಪ್ಪು ಚಾಳೀಸು ಹಾಕಿಕೊಂಡು ಮಗ್ಗುಲಿಗೆ ಕೂತಿದ್ದ ದಸ್ತಗೀರಬಿ ನಡುನಡುವೆ ಬೆರಳಿನಿಂದ ಮುಟ್ಟಿ ನೋಡಿ, ತನಗಿಂತ ನಯವಾದ ಕೊಂಡಿ ಹಾಕಿ ತನ್ನ ಮರ್ಯಾದೆ ಕಳೆಯುತ್ತಿದ್ದಾಳೆಂದು ನಗುತ್ತ ಚಾಷ್ಟಿ ಮಾಡಿದಳು.

ಸಂಜೆ ಮುರ್ತುಜಸಾಬ ಅಂಗಿಯ ಕಿಸೆಗೆ ಕೈ ಹಾಕಿ ನಿಂತ.

"ಎಷ್ಟ ಕೊಡ್ಲಿ, ತಂಗಿ?"

ಶಿವಗಂಗಾ ತಬ್ಬಿಬ್ಬಾದಳು. ಇಷ್ಟು ವರ್ಷಗಳ ಮೇಲೆ ಮೊದಲ ಸಲ ಒಬ್ಬರು ಈ ಪ್ರಶ್ನೆ ಕೇಳುತ್ತಿದ್ದರು. ಆತನಿಗೂ ಬರುವುದು ತನ್ನ ಗಂಡನಿಗೆ ಬರುವಷ್ಟೇ ಮಜೂರಿ ಎಂಬುದು ಆಕೆಗೆ ತಿಳಿಯದ್ದಲ್ಲ.

"ಏನೂ ಬ್ಯಾಡ್ರಿ, ಅಣ್ಣಾರ" ಎಂದಳು.

ದಸ್ತಗೀರಬಿ ಅವಳ ಮುಂಗೈ ಹುಡುಕಿ ಹಿಡಿದುಕೊಂಡಳು. ದನಿಯಲ್ಲಿ ಈಗ ಚಾಷ್ಟಿ ಇರಲಿಲ್ಲ.

"ಹಂಗ ಅನಬ್ಯಾಡ, ಶಿವಗಂಗಾ. ನೀ ಬ್ಯಾಡ ಅಂದ್ರ, ನಾ ಇಷ್ಟ ವರ್ಷ ಹಾಕಿದ್ದೆಲ್ಲಾ ಪುಕ್ಕಟ ಆಗ್ತೈತಿ."

ನಾಳೆ ಹೇಳುತ್ತೇನೆಂದು ಶಿವಗಂಗಾ ಎದ್ದು ಬಂದಳು. ಮನೆಯಲ್ಲಿ ನಾಗಲಿಂಗ ಮೊದಲು ನಕ್ಕ. ರೊಟ್ಟಿ ಬಡಿಯುವುದಕ್ಕೂ ದರ ಹಚ್ಚುತ್ತೀಯೇನು ಎಂದ. ಆಕೆ ಮುನಿಸಿಕೊಳ್ಳಲಿಲ್ಲ. ತಾನಿಲ್ಲದಿದ್ದರೆ ಕೊಂಡಿ ಹಾಕಲು ಯಾರನ್ನು ಕರೆಯುತ್ತಿದ್ದಿರಿ, ಅವರಿಗೆ ಏನು ಕೊಡುತ್ತಿದ್ದಿರಿ ಎಂದು, ನಿಜವಾಗಿಯೂ ತಿಳಿಯಬೇಕೆಂಬವಳಂತೆ ಕೇಳಿದಳು. ನಾಗಲಿಂಗ ತನ್ನ ಕಸುಬನ್ನು ಬಲ್ಲವನು. ಕೊಂಡಿ ಸಡಿಲಾದರೆ ಸೆರಗು ಒಡಲಿನಿಂದ ಕಿತ್ತು ಬರುತ್ತದೆಂಬುದು ಅವನಿಗಿಂತ ಹೆಚ್ಚು ಯಾರಿಗೆ ಗೊತ್ತು? ಮೂರು ದಿನ ತಾನು ನೇಯುವ ಸೀರೆಗೆ ಆಕೆ ಒಂದು ದಿನ ಬೆನ್ನು ಬಗ್ಗಿಸುತ್ತಾಳೆಂದು ಕೊನೆಗೆ ಅವನೇ ಹೇಳಿದ. ಹಾಗಾದರೆ ನಾಲ್ಕರಲ್ಲೊಂದು ಪಾಲು, ರೂಪಾಯಿಗೆ ನಾಲ್ಕಾಣೆ ಎಂದಳು ಶಿವಗಂಗಾ. ಅವನು ಹೌದೆಂದು ತಲೆಯಾಡಿಸಿದ.

ಮರುದಿನ ಮುರ್ತುಜಸಾಬ ನಾಲ್ಕಾಣೆ ಪಾಲಿನ ಮಾತು ಕೇಳಿ ಚೌಕಾಸಿ ಮಾಡಲಿಲ್ಲ. ನೋಟುಗಳನ್ನು ಹೆಂಡತಿಯ ಕೈಗೆ ಕೊಟ್ಟು, ನೀನೇ ಕೊಡು ಎಂದ. ದಸ್ತಗೀರಬಿ ಅವುಗಳನ್ನು ಕೊಂಡಿಯನ್ನು ಮುಟ್ಟಿ ನೋಡಿದ ಹಾಗೆಯೇ ಬೆರಳುಗಳ ನಡುವೆ ತಡವಿ, ಶಿವಗಂಗಾಳ ಅಂಗೈಯಲ್ಲಿಟ್ಟು ಮುಚ್ಚಿದಳು. ಅವಳ ಚಾಳೀಸಿನ ಕೆಳಗೆ ಕೆನ್ನೆ ಒದ್ದೆಯಾಗಿತ್ತು.

"ಡಾಕ್ಟರ್ ಅಳಬ್ಯಾಡ ಅಂದಾರ" ಎಂದು ಮುರ್ತುಜಸಾಬ ಗೊಣಗಿದ. "ಸುಮ್ಮಕಿರ್ರಿ, ನನ್ನ ಬಾಕಿ ನೆನಪಾತು" ಎಂದಳು ಆಕೆ. ಅವನು ನಗಬೇಕೋ ಬೇಡವೋ ತಿಳಿಯದೆ ಚಹಾ ಇಡಲು ಒಳಗೆ ಹೋದ.

ಆ ಬಾಕಿ ತೀರಿಸಬೇಕಾದವನು ಮುರ್ತುಜಸಾಬನೊಬ್ಬನೇ ಅಲ್ಲ ಎಂಬುದು ಶಿವಗಂಗಾಳಿಗೆ ದಾರಿ ದಾಟುವಷ್ಟರಲ್ಲಿ ಸ್ಪಷ್ಟವಾಯಿತು. ಬಡ ನೇಕಾರ ತನ್ನ ಪಾಲನ್ನು ಒಡೆದು ಕೊಟ್ಟಿದ್ದ. ಸೀರೆ ಮಾರುವ ಸಾವುಕಾರನ ದರದಲ್ಲಿ ಕೊಂಡಿಯ ಹೆಸರೇ ಇರಲಿಲ್ಲ.

ಮುಂದಿನ ಸೋಮವಾರ ನಾಗಲಿಂಗ ಸೀರೆ ಮಡಿಚಿ ಹೊರಟಾಗ ಆಕೆಯೂ ಚಪ್ಪಲಿ ಮೆಟ್ಟಿದಳು. ಏನು ಹೇಳುತ್ತೀ ಎಂದು ಅವನು ಕೇಳಲಿಲ್ಲ. ಸೈಕಲ್ಲನ್ನು ಬಿಟ್ಟು ಆಕೆಯ ಜೊತೆ ನಡೆದ.

ಬಸಯ್ಯ ಸೆರಗು ಬಿಚ್ಚಿ, ಕೊಂಡಿಯ ಮೇಲೆ ಎಂದಿನಂತೆ ಹೆಬ್ಬೆರಳು ಎಳೆದು, ಕೆಲಸ ಚೊಕ್ಕ ಐತಿ ಎಂದು ನಾಗಲಿಂಗನನ್ನು ಹೊಗಳಿದ. ಆಮೇಲೆ ಬಾಗಿಲಲ್ಲಿ ನಿಂತವಳನ್ನು ಕಂಡು, ಯವ್ವಾ ನೀ ಯಾಕ ಬಂದಿ ಎಂದು ಸೌಜನ್ಯದಿಂದಲೇ ವಿಚಾರಿಸಿದ.

"ಕೊಂಡಿ ಮಜೂರಿ ಮಾತಾಡಾಕ ಬಂದೇನ್ರಿ" ಎಂದಳು ಶಿವಗಂಗಾ.

ಬಸಯ್ಯ ಇದೇನೆಂಬಂತೆ ನಾಗಲಿಂಗನ ಕಡೆ ತಿರುಗಿದ.

"ಆಕಿನ್ನ ಕೇಳ್ರಿ" ಎಂದ ನಾಗಲಿಂಗ, ಹೆಂಡತಿಗೆ ಜಾಗ ಬಿಟ್ಟು ಜಮಖಾನೆಯ ಮೇಲೆ ಸರಿದು ಕೂಡುತ್ತ. "ನೀವೀಗ ಚೊಕ್ಕ ಅಂದದ್ದು ಆಕಿ ಕೆಲಸ."